ಬಿಪಿಗೆ ಕಿಡ್ನಿ ಸ್ಕ್ಯಾನ್ ಯಾಕೆ ಅಂದೆಯಲ್ಲ

ಪ್ರೀತಿಯ ಪುಟ್ಟಿ,

ಬಿಪಿ ಜಾಸ್ತಿ ಅಂತ ಹೋದರೆ ಕಿಡ್ನಿಗೆ ಡಾಪ್ಲರ್ ಸ್ಕ್ಯಾನ್ (ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್) ಬರೆದುಕೊಟ್ಟರು ಅಂತ ಫೋನಿನಲ್ಲಿ ರೇಗಿದೆ. ದುಡ್ಡು ಕೀಳುವ ದಾರಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಇಷ್ಟು ವರ್ಷ ಮೆಡಿಕಲ್ ಶಾಪ್ ನಡೆಸಿದ ನನಗೆ, ನಿನ್ನ ಡಾಕ್ಟರು ಸರಿಯಾದ ಜಾಗದಲ್ಲೇ ಹುಡುಕುತ್ತಿದ್ದಾರೆ ಅನ್ನಿಸುತ್ತಿದೆ. ಮೂವತ್ತು ತುಂಬದ ಹುಡುಗಿಗೆ 160/100 ಬಂದರೆ ಸುಮ್ನೆ ಮಾತ್ರೆ ಬರೆದು ಕಳಿಸುವುದು ಸುಲಭವಿತ್ತು.

ಕಿಡ್ನಿ ರಕ್ತ ಸೋಸುತ್ತದೆ ಅಂತ ಎಲ್ಲರಿಗೂ ಗೊತ್ತು. ಬಿಪಿಯ ಮೇಲೂ ಅದರ ಕಣ್ಣಿರುತ್ತದೆ. ತನಗೆ ಬರುವ ರಕ್ತದ ಒತ್ತಡ ಇಳಿದರೆ ರೆನಿನ್ ಅನ್ನುವ ಕಿಣ್ವ (ಎನ್‌ಜೈಮ್) ಬಿಡುತ್ತದೆ. ಲಿವರ್‌ನಿಂದ ಬಂದ ಒಂದು ಪ್ರೋಟೀನನ್ನು ರೆನಿನ್ ತುಂಡು ಮಾಡುತ್ತದೆ. ಆ ತುಂಡು ಮುಖ್ಯವಾಗಿ ಶ್ವಾಸಕೋಶದಲ್ಲಿ ಮತ್ತೊಮ್ಮೆ ಕತ್ತರಿಸಿಕೊಂಡು ಆಂಜಿಯೋಟೆನ್ಸಿನ್-2 ಅನ್ನುವ ಹಾರ್ಮೋನು ಆಗುತ್ತದೆ. ಆಮೇಲೆ ಇದರದೇ ದರ್ಬಾರು. ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕಿಡ್ನಿಯ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಅಲ್ಡೋಸ್ಟೆರಾನ್ ಅನ್ನುವ ಇನ್ನೊಂದು ಹಾರ್ಮೋನು ಬಿಡಿಸುತ್ತದೆ. ಆಗ ಕಿಡ್ನಿ ಉಪ್ಪು, ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಶಿಯಂ ಹೊರಗೆ ಹಾಕುತ್ತದೆ. ನಿನ್ನ ರಿಪೋರ್ಟಿನಲ್ಲಿ ಪೊಟ್ಯಾಶಿಯಂ ಕಡಿಮೆ, 3.3 ಇತ್ತಲ್ಲ, ಡಾಕ್ಟರಿಗೆ ಅನುಮಾನ ಬಂದಿದ್ದು ಅಲ್ಲೇ ಇರಬೇಕು.

ವಾಂತಿ ಭೇದಿಯಾಗಿ ಬಿಪಿ ಬಿದ್ದಾಗ ನಮ್ಮನ್ನು ಕಾಯುವುದೂ ಇದೇ ಏರ್ಪಾಟು. ಕಿಡ್ನಿಗೆ ಹೋಗುವ ನಾಳವೇ ಕಿರಿದಾದರೆ ಮಾತ್ರ ಎಡವಟ್ಟು. ಬೀದಿಯ ಮೇನ್ ಪೈಪಿನಲ್ಲಿ ನೀರು ಜೋರಾಗಿಯೇ ಇರುತ್ತದೆ, ಕಟ್ಟಿಕೊಂಡಿರುವುದು ಒಬ್ಬರ ಮನೆಯ ಪೈಪು. ಅವರೋ ನೀರಗಂಟಿಗೆ ಫೋನ್ ಮಾಡಿ ‘ಇನ್ನೂ ಜೋರಾಗಿ ಬಿಡಿ’ ಅಂತ ಜಗಳಕ್ಕೆ ನಿಲ್ಲುತ್ತಾರೆ. ಕಿಡ್ನಿಯದೂ ಅದೇ ಕಥೆ. ಮೈಯ ಬಿಪಿ ಸರಿಯಿದ್ದರೂ ರೆನಿನ್ ಸುರಿಯುತ್ತದೆ, ಬಿಪಿ ಏರುತ್ತದೆ.

ರೆನಿನ್ ಗೊತ್ತಾಗಿದ್ದು 1898ರಲ್ಲಿ. ಸ್ಟಾಕ್‌ಹೋಮ್‌ನಲ್ಲಿ ಟಿಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಅನ್ನುವ ವಿಜ್ಞಾನಿಗಳು ಮೊಲದ ಕಿಡ್ನಿಯ ಸಾರವನ್ನು ಬೇರೆ ಮೊಲಕ್ಕೆ ಚುಚ್ಚಿದರೆ ಬಿಪಿ ಏರಿತು. ಆಮೇಲೆ ಬಹಳ ಕಾಲ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿ ನಾಳಕ್ಕೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿ ಬಿಗಿದರು. ಏರಿದ ಬಿಪಿ ಇಳಿಯಲೇ ಇಲ್ಲ. ನಿನ್ನ ಡಾಪ್ಲರ್ ನೋಡುವುದೂ ಅಂಥದ್ದೇ ಬಿಗಿತ ಎಲ್ಲಾದರೂ ಇದೆಯಾ ಅಂತ.

ನಿನ್ನ ವಯಸ್ಸಿನ ಹೆಂಗಸರಲ್ಲಿ ಇದಕ್ಕೊಂದು ಕಾರಣ ಫೈಬ್ರೋಮಸ್ಕ್ಯುಲರ್ ಡಿಸ್‌ಪ್ಲೇಸಿಯಾ. ನಾಳದ ಗೋಡೆ ಅಡ್ಡಾದಿಡ್ಡಿ ಬೆಳೆದು ಅಲ್ಲಲ್ಲಿ ಕಿರಿದಾಗುತ್ತದೆ. ಅದೇ ಆಗಿದ್ದರೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಕೆಲವರಿಗೆ ಆಮೇಲೆ ಮಾತ್ರೆಯೇ ಬೇಕಾಗುವುದಿಲ್ಲ. ಅದಲ್ಲದೆಯೂ ಇರಬಹುದು, ಈಗಲೇ ಗೂಗಲ್ ಮಾಡಿ ಹೆದರಿಕೊಳ್ಳಬೇಡ.

ಇನ್ನೊಂದು. ಮನೆಗೆ ಬಂದಾಗ ನನ್ನ ಟೆಲ್ಮಿಸಾರ್ಟನ್ ಸ್ಟ್ರಿಪ್ಪಿಗೆ ಕೈ ಹಾಕಬೇಡ. ‘ಸಾರ್ಟನ್’, ‘ಪ್ರಿಲ್’ ಅಂತ ಮುಗಿಯುವ ಬಿಪಿ ಮಾತ್ರೆಗಳು ಆ ಆಂಜಿಯೋಟೆನ್ಸಿನ್-2 ಹಾರ್ಮೋನಿಗೆ ಅಡ್ಡ ನಿಲ್ಲುವಂಥವು. (ಮೊದಲು ಬಂದ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್‌ನ ಜರರಾಕ ಹಾವಿನ ವಿಷದ ಜಾಡು ಹಿಡಿದು!) ಒಳ್ಳೆಯ ಮಾತ್ರೆಗಳೇ. ಆದರೆ ಎರಡೂ ಕಿಡ್ನಿಯ ನಾಳ ಕಿರಿದಾಗಿದ್ದರೆ ಕಿಡ್ನಿ ಕೈಕೊಡಬಹುದು. ಬಸುರಿಯರಂತೂ ತಗೊಳ್ಳಲೇಬಾರದು, ಮಗುವಿನ ಕಿಡ್ನಿಗೆ ಪೆಟ್ಟು ಬೀಳುತ್ತದೆ. ನೀನೂ ಅಳಿಯಂದಿರೂ ಮಗುವಿನ ಯೋಚನೆಯಲ್ಲಿದ್ದೀರಿ ಅಂತ ಅಮ್ಮ ಹೇಳಿದಳು. ಅದನ್ನು ಸಂಕೋಚ ಬಿಟ್ಟು ಡಾಕ್ಟರಿಗೆ ನೀನೇ ಹೇಳು.

ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಹೋಗು, ಗ್ಯಾಸ್ ಇದ್ದರೆ ನಾಳ ಸರಿಯಾಗಿ ಕಾಣುವುದಿಲ್ಲ. ಈಗ ತಗೊಳ್ಳುತ್ತಿರುವ ಬಿಪಿ ಮಾತ್ರೆ ಅಮ್ಲೊಡಿಪಿನ್ ನಿಲ್ಲಿಸಬೇಡ. ರಿಪೋರ್ಟ್ ಬಂದ ಕೂಡಲೇ ನನಗೆ ವಾಟ್ಸಾಪ್ ಮಾಡು, ಅಮ್ಮನಿಗೆ ಆಮೇಲೆ ನಾನೇ ಹೇಳುತ್ತೇನೆ.

ನಿನ್ನ
ಅಪ್ಪ