ಹೆಸರು ಕೇಳದೆ ಹೋದೆವು

ಬಸವಕಲ್ಯಾಣ

ಪ್ರೀತಿಯ ಮಗಳೇ,

ಪುಣೆಯಲ್ಲಿ ಪ್ರಾರ್ಥನೆಗೆ ಹೋಗಿ ಬಂದ ದಿನ ನೀ ಫೋನಿನಲ್ಲಿ ಹೇಳಿದ್ದು ಇನ್ನೂ ಎದೆಯಲ್ಲಿ ಕೂತಿದೆ. "ಕುರ್ಚಿ ಕೊಟ್ಟರು, ಪ್ರಸಾದ ಕೊಟ್ಟರು, ಹೆಸರು ಮಾತ್ರ ಒಬ್ಬರೂ ಕೇಳಲಿಲ್ಲವ್ವಾ" ಅಂದೆ. ನಾನು ಸಮಾಧಾನ ಹೇಳಿದೆ. ಹೇಳಬೇಕಾದ ಇನ್ನೊಂದು ಮಾತಿಗೆ ಆಗ ಬಾಯಿ ಬರಲಿಲ್ಲ.

ಈ ಶ್ರಾವಣದಲ್ಲಿ ನಮ್ಮ ಓಣಿಯಲ್ಲಿ ತಿಂಗಳಿಡೀ ಪ್ರವಚನ. ಒಂದು ಸಂಜೆ ಮರುಳಶಂಕರದೇವರ ಕಥೆ ಬಂತು. ಅಫ್ಘಾನಿಸ್ತಾನದ ಕಡೆಯಿಂದ ಬಸವಣ್ಣನವರನ್ನು ಅರಸಿ ಇದೇ ಕಲ್ಯಾಣಕ್ಕೆ ಬಂದವರು ಅಂತ ಪರಂಪರೆ ಹೇಳುತ್ತದೆ. ಬಸವಣ್ಣನವರ ಮಹಾಮನೆಯಲ್ಲಿ, ಉಳಿದ ಪ್ರಸಾದ ಸೇರುವ ಪ್ರಸಾದಕುಂಡದ ಹತ್ತಿರ 12 ವರ್ಷ ಇದ್ದರು. ನೋಡಿದವರಿಗೆ ಆತ ಒಬ್ಬ ಮರುಳ, ಅಷ್ಟೇ. ಗುರುತಿಸಲು ಅಲ್ಲಮಪ್ರಭುಗಳೇ ಬರಬೇಕಾಯಿತು. ತಮ್ಮ ಮನೆಯ ಈ ಮರೆವನ್ನು ಶರಣ ಪರಂಪರೆ ಮುಚ್ಚಿಡಲಿಲ್ಲ, ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಬರೆದಿಟ್ಟಿತು. ನನಗೆ ಅದು ಬಹಳ ದೊಡ್ಡದು ಅನ್ನಿಸುತ್ತದೆ.

ಕಣ್ಣೊರೆಸಿಕೊಂಡು ದಾಸೋಹಕ್ಕೆ ಎದ್ದೆ. ಉಂಡು ತಾಟು ತೊಳೆಯಲು ನಲ್ಲಿಯ ಕಡೆ ಹೋದರೆ ಅಲ್ಲಿ ಆ ಹೆಣ್ಣುಮಗಳು. ಯುಗಾದಿಯಿಂದ ಪ್ರತಿ ಸೋಮವಾರ ನಮ್ಮ ಪ್ರಾರ್ಥನೆಗೆ ಬಂದು, ಹಿಂದಿನ ಕಂಬಕ್ಕೊರಗಿ ಕೂತು, ಕೊನೆಗೆ ಬೋಗೋಣಿ ತಿಕ್ಕಿ ಹೋಗುತ್ತಿದ್ದಳು. ಕೂಲಿಗೆ ಇಟ್ಟುಕೊಂಡಿದ್ದಾರೆ ಅಂತ ತಿಳಿದಿದ್ದೆ. ಆವತ್ತು ತಳಕ್ಕೆ ಹತ್ತಿದ ಹುಗ್ಗಿಯನ್ನು ಉಗುರಿನಿಂದ ಕೆರೆಯುತ್ತ ಏನೋ ಗುನುಗುತ್ತಿದ್ದಳು. ಕಿವಿಗೊಟ್ಟೆ. ನಮ್ಮದೇ "ಕಳಬೇಡ ಕೊಲಬೇಡ". ಅರ್ಥ ಗೊತ್ತಿಲ್ಲ, ರಾಗ ಮಾತ್ರ ಒಂದಿಷ್ಟೂ ತಪ್ಪಿಲ್ಲ.

"ನಾಮ್ ಕ್ಯಾ ಅಮ್ಮಾ?" ಅಂದೆ. ಬೆಚ್ಚಿದಳು. ಸೆರಗಿಗೆ ಕೈ ಒರೆಸಿಕೊಂಡು ಹೆಸರು ಹೇಳಿದಳು. ಒಡಿಶಾದವಳು, ಗಂಡ ಸೆಂಟ್ರಿಂಗ್ ಕೆಲಸದವನು. ಕೂಲಿಗೀಲಿ ಏನೂ ಇಲ್ಲ. ಉಂಡು ಸುಮ್ಮನೆ ಎದ್ದು ಹೋಗಲು ಮನಸ್ಸು ಬರಲಿಲ್ಲವಂತೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. "ಇವನಾರವನೆಂದೆನಿಸದಿರಯ್ಯಾ" ಅಂತ ಹಾಡಿಕೊಂಡೇ ಬೆಳೆದವರು ನಾವು. ಜಾತಿ ಕೇಳಬಾರದು, ನಿಜ. ಅದೇ ನೆಪದಲ್ಲಿ ಹೆಸರನ್ನೂ ಕೇಳದೆ ಬಿಟ್ಟಿದ್ದೆವು. ಕೇಳದೆ ಬಿಟ್ಟರೆ "ಇವ ನಮ್ಮವ" ಹೇಗಾದಾನು ಮಗಳೇ?

ಈಗ ವಚನ ಹಾಡಿದ ಮೇಲೆ ಅರ್ಥವನ್ನು ಎರಡು ನಿಮಿಷ ಹಿಂದಿಯಲ್ಲೂ ಮರಾಠಿಯಲ್ಲೂ ಹೇಳುತ್ತೇವೆ. ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ, ಕನ್ನಡ ಹಿಂದೆ ಬೀಳುತ್ತದೆ ಎಂಬ ಚಿಂತೆ ಅವರದು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ನಾನು ಮೋಳಿಗೆ ಮಾರಯ್ಯನವರನ್ನು ನೆನಪಿಸಿದೆ. ಕಾಶ್ಮೀರದ ಅರಸು, ಇಲ್ಲಿ ಕಟ್ಟಿಗೆ ಹೊರೆ ಮಾರಿ ಬದುಕಿದರು ಅನ್ನುತ್ತಾರೆ. ಅವರೂ ಮಡದಿ ಮಹಾದೇವಿಯೂ ಬರೆದದ್ದು ಕನ್ನಡದಲ್ಲಿ. ಬಂದ ಹೊಸದರಲ್ಲಿ ಯಾರೋ ಪಕ್ಕದಲ್ಲಿ ಕೂತು, ತಪ್ಪು ಮಾತಾಡಿದರೂ ನಗದೆ, ಮಾತು ಕಲಿಸಿರಬೇಕಲ್ಲ?

ಬೋಗೋಣಿ ತಿಕ್ಕುವುದಕ್ಕೆ ಪಾಳಿ ಹಚ್ಚಿದ್ದೇವೆ. ಬಡಿಸುವ ಸೌಟು ಅವಳ ಕೈಗೂ ಬಂದಿದೆ. ಮೊದಲ ದಿನ ಇಬ್ಬರು ಉಣ್ಣದೆ ಎದ್ದು ಹೋದರು. ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಅವರ ಮನೆಗೆ ಹೋಗಿ ಮತ್ತೆ ಕರೆದು ಬಂದಿದ್ದೇನೆ. ಒಬ್ಬರು ಬಂದರು.

ನೀ ಅಲ್ಲಿಗೆ ಹೋಗುವುದನ್ನು ಬಿಡಬೇಡ. ನಿನ್ನ ಹಾಗೆ ಗೋಡೆಗೆ ಕೂತವರು ಅಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ, ಅವರ ಪಕ್ಕ ಕೂಡು. ಈ ಹೆಣ್ಣುಮಗಳ ಹೆಸರನ್ನು ನಾನು ಬೇಕೆಂದೇ ಬರೆದಿಲ್ಲ. ದೀಪಾವಳಿಗೆ ಸೋಮವಾರ ಸೇರಿಸಿ ರಜೆ ಹಾಕಿ ಬಾ, ನೀನೇ ಕೇಳು.

ನಿನ್ನ ಅವ್ವ