ಭಾನುವಾರದ ಓದು: ‘ಔಷಧಿ’ ಕತೆ ಮತ್ತು ಕ್ಷಯದ ಒಂದು ಅಧ್ಯಯನ

ಬಳಗದ ಸದಸ್ಯರ ಗಮನಕ್ಕೆ,

ಬರುವ ಭಾನುವಾರ ಸಂಜೆ 5 ಗಂಟೆಗೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಎಂದಿನ ಮಹಡಿ ಕೋಣೆಯಲ್ಲಿ ಸೇರೋಣ. ಚೀನಾದ ಲೇಖಕ ಲು ಶುನ್ 1919ರಲ್ಲಿ ಬರೆದ ‘ಔಷಧಿ’ ಕತೆಯನ್ನು ನಮ್ಮ ಸದಸ್ಯರೊಬ್ಬರು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದಿದ್ದು, ಅದರ ಪ್ರತಿಯನ್ನು ಇಲ್ಲಿಯೇ ಹಾಕಲಾಗಿದೆ.

ಜಪಾನಿನ ಸೆಂಡೈನಲ್ಲಿ ವೈದ್ಯಕೀಯ ಓದುತ್ತಿದ್ದು, 1906ರಲ್ಲಿ ಅದನ್ನು ನಡುವೆಯೇ ಬಿಟ್ಟು ಸಾಹಿತ್ಯಕ್ಕೆ ಬಂದವರು ಬರೆದ ಕತೆ ಇದು. ಚಹಾದಂಗಡಿಯ ಮುದುಕನೊಬ್ಬ ಕ್ಷಯದಿಂದ ಸವೆಯುತ್ತಿರುವ ಮಗನಿಗಾಗಿ, ಮರಣದಂಡನೆಗೊಳಗಾದ ಕ್ರಾಂತಿಕಾರಿಯ ರಕ್ತದಲ್ಲಿ ಅದ್ದಿದ ಹಬೆರೊಟ್ಟಿಯನ್ನು ಕೂಡಿಟ್ಟ ಬೆಳ್ಳಿನಾಣ್ಯ ಕೊಟ್ಟು ತಂದು, ತಾವರೆ ಎಲೆಯಲ್ಲಿ ಸುತ್ತಿ ಒಲೆಯಲ್ಲಿ ಸುಟ್ಟು ತಿನ್ನಿಸುತ್ತಾನೆ, ಮಗ ಉಳಿಯುವುದಿಲ್ಲ. (ಓದು ಮುಗಿಯುವವರೆಗೆ ಮಂಡಕ್ಕಿ, ಮೆಣಸಿನಕಾಯಿಯ ಪೊಟ್ಟಣ ಬಿಚ್ಚದಿರುವುದು ಲೇಸು.)

ಇದರ ಜೊತೆಗೆ, ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವನ್ನು ಚರ್ಚಿಸಲಾಗುವುದು. 2,800 ಶ್ವಾಸಕೋಶ ಕ್ಷಯ ರೋಗಿಗಳ ಮನೆಗಳಲ್ಲಿದ್ದ 10,000ಕ್ಕೂ ಹೆಚ್ಚು ಮಂದಿಯನ್ನು ಎರಡು ಗುಂಪು ಮಾಡಿ, ರೋಗಿಗೆ ಎರಡೂ ಕಡೆ ಆಹಾರ ಕೊಟ್ಟು, ಮನೆಮಂದಿಗೆ ಮಾತ್ರ ಒಂದೇ ಕಡೆ ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆಗಳನ್ನು ನೀಡಿದಾಗ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವ ಪ್ರಮಾಣ ಶೇ. 39ರಷ್ಟು ಕಡಿಮೆಯಾಯಿತು. ಪಡಿತರದ ಅಕ್ಕಿಬೇಳೆಗೆ ಇಷ್ಟು ಬಲವಿದೆಯೆಂದು ತೋರಿಸಿದ ಈ ಪ್ರಬಂಧವನ್ನು ನಾನು ಕತೆಗಿಂತ ಒಂದು ಕೈ ಮೇಲೆಂದೇ ಎಣಿಸುತ್ತೇನೆ. ಒಪ್ಪದವರು ಬಂದು ವಾದಿಸಬಹುದು.

ಚಿತ್ರದುರ್ಗದಿಂದ ಬರುವವರು ಶನಿವಾರ ರಾತ್ರಿಯೊಳಗೆ ತಿಳಿಸಬೇಕಾಗಿ ವಿನಂತಿ.