ಕರುಳಿನ ಕಪ್ಪು ಮತ್ತು ಚೂರ್ಣದ ಪೊಟ್ಟಣ

ಮಾನ್ಯ ಸಂಪಾದಕರೇ,

ರಾತ್ರಿ ಊಟವಾದ ಮೇಲೆ ಒಂದು ಚಮಚ ಭೇದಿ ಚೂರ್ಣವನ್ನು ಬಿಸಿನೀರಿನಲ್ಲಿ ಕದಡಿ ಕುಡಿಯದೆ ಮಲಗುವ ಅಭ್ಯಾಸವೇ ಇರದ ನನ್ನ ಅತ್ತೆಯವರಿಗೆ ಈಚೆಗೆ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಯಿಸಿ ನೋಡುವ ಪರೀಕ್ಷೆ) ಮಾಡಿಸಬೇಕಾಯಿತು. ವರದಿಯಲ್ಲಿ ‘ಮೆಲನೋಸಿಸ್ ಕೋಲೈ’ ಎಂದು ಬರೆದಿತ್ತು. ಜೊತೆಗಿದ್ದ ಚಿತ್ರದಲ್ಲಿ ದೊಡ್ಡ ಕರುಳಿನ ಒಳಪದರ ಹಾವಿನ ಪೊರೆಯಂತೆ ಗೆರೆಗೆರೆಯಾಗಿ ಕಂದುಗಪ್ಪಾಗಿತ್ತು. ವಿವರಿಸುವವರಿಲ್ಲದೆ ವೈದ್ಯರ ಮುಂದಿನ ಭೇಟಿಯವರೆಗೂ ನಾವೆಲ್ಲ ಅದನ್ನು ಕ್ಯಾನ್ಸರ್ ಎಂದೇ ತಿಳಿದು ಒದ್ದಾಡಿದೆವು.

ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗುತ್ತದೆ ಎಂಬುದಕ್ಕೂ ಆಧಾರವಿಲ್ಲ. 1857ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋವ್ ಇಟ್ಟ ಹೆಸರೇ ದಾರಿ ತಪ್ಪಿಸುವಂಥದ್ದು, ಏಕೆಂದರೆ ಅಲ್ಲಿರುವುದು ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಅಲ್ಲ. ಸೋನಾಮುಖಿಯಂಥ ಭೇದಿ ಮೂಲಿಕೆಗಳಲ್ಲಿರುವ ಆಂಥ್ರಾಕ್ವಿನೋನ್ ಅಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಚುರುಕಾಗಿ, ಕರುಳನ್ನು ಕೆರಳಿಸುತ್ತದೆ. ಹಾಗೆ ಕೆರಳಿ ಸತ್ತ ಒಳಪದರದ ಜೀವಕೋಶಗಳನ್ನು ಭಕ್ಷಕ ಕೋಶಗಳು ನುಂಗಿದಾಗ ಉಳಿಯುವ ಲಿಪೋಫುಸಿನ್ ಎಂಬ ಕಸವೇ ಈ ಕಪ್ಪು. ಕೆಲವು ತಿಂಗಳ ನಿತ್ಯ ಸೇವನೆ ಸಾಕು, ಬಣ್ಣ ಕಾಣಿಸಿಕೊಳ್ಳುತ್ತದೆ. ಚೂರ್ಣ ಬಿಟ್ಟರೆ ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ಮಾಸುತ್ತದೆ. ಗಡ್ಡೆಗಳು ಈ ಬಣ್ಣವನ್ನು ಹೀರಿಕೊಳ್ಳದೆ ಕಪ್ಪಿನ ನಡುವೆ ಬೆಳ್ಳಗೆ ಎದ್ದು ಕಾಣುವುದರಿಂದ ಪರೀಕ್ಷಿಸುವವರಿಗೆ ಅನುಕೂಲವೇ ಎಂಬುದು ಮಾತ್ರ ನನಗೆ ತಮಾಷೆಯೆನಿಸಿತು.

ಹಾಗಾದರೆ ದೂರು ಯಾರ ಮೇಲೆ? ಅತ್ತೆಯವರ ಪೊಟ್ಟಣದ ಮೇಲೆ ‘ಸಂಪೂರ್ಣ ನೈಸರ್ಗಿಕ’ ಎಂಬುದು ದಪ್ಪ ಕನ್ನಡದಲ್ಲಿದೆ. ಸೋನಾಮುಖಿ ಇರುವುದು ಮಾತ್ರ ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದ ಇಂಗ್ಲಿಷಿನಲ್ಲಿ, ‘ಸ್ವರ್ಣಪತ್ರಿ’ ಎಂಬ ಸಂಸ್ಕೃತದ ಹೆಸರಿನ ಮರೆಯಲ್ಲಿ. ಎಷ್ಟು ದಿನ ತೆಗೆದುಕೊಳ್ಳಬೇಕೆಂಬ ಮಾತೇ ಇಲ್ಲ. ಸೋನಾಮುಖಿ ಕೆಟ್ಟ ಔಷಧಿಯೆಂದು ನಾನು ಹೇಳುತ್ತಿಲ್ಲ, ಅದು ನಾಲ್ಕಾರು ದಿನದ ಮಲಬದ್ಧತೆಗೆ ಒಳ್ಳೆಯದೇ. ಆದರೆ ಅದನ್ನು ವೈದ್ಯರ ಸಲಹೆಯಿಲ್ಲದೆ ಒಂದು ವಾರಕ್ಕಿಂತ ಹೆಚ್ಚು ಬಳಸಬಾರದೆಂದು ಅಲೋಪತಿ ಮಾತ್ರೆಗಳ ಮೇಲೆ ಎಚ್ಚರಿಸುವುದುಂಟು. ಲೋಳೆಸರದ ಸಿಪ್ಪೆಯಡಿಯ ಹಳದಿ ಕಹಿ ರಸದಲ್ಲೂ ಇದೇ ಜಾತಿಯ ಅಂಶವಿದ್ದು, ಆ ರಸವನ್ನು ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಿಗಳಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ ಕೈಬಿಡಿಸಿದೆ.

ಕಪ್ಪು ನಿರುಪದ್ರವಿಯಾದರೂ ಅತಿಭೇದಿಯಿಂದ ದೇಹದ ಪೊಟ್ಯಾಸಿಯಂ ಇಳಿಯುವುದು ಹಾಗಲ್ಲ, ಅದರಲ್ಲೂ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರಲ್ಲಿ. ಐವತ್ತು ದಾಟಿದವರಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕನಷ್ಟ ಇವನ್ನು ಚೂರ್ಣದಿಂದ ಮುಚ್ಚಿಡುವುದು ಇನ್ನೂ ಅಪಾಯ.

ಆದ್ದರಿಂದ ಭೇದಿ ಚೂರ್ಣಗಳ ಪೊಟ್ಟಣದ ಮುಂಬದಿಯಲ್ಲೇ ‘ಇದರಲ್ಲಿ ಸೋನಾಮುಖಿ ಇದೆ, ಒಂದು ವಾರ ಮೀರಬೇಡಿ’ ಎಂಬ ಸಾಲನ್ನು ಕನ್ನಡದಲ್ಲಿ ಮುದ್ರಿಸುವಂತೆ ಸಂಬಂಧಪಟ್ಟ ಇಲಾಖೆ ಆದೇಶಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓದುಗರೊಬ್ಬರು, ದಾವಣಗೆರೆ